ಪ್ರೇಮಚಂದರ ಸಿನಿಮಾ ನೋಡಿ ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ?

ಜುಲೈ 31 ಮುನ್ಷಿ ಪ್ರೇಮಚಂದರು ಹುಟ್ಟಿದ ದಿನ. ಆ ವಾರ ಬಂತೆಂದರೆ ಮುಂಬಯಿಯಲ್ಲಿ ಒಂದಲ್ಲ ಒಂದು ಸಂಘದವರು ಅವರ ಹೆಸರಿನಲ್ಲಿ ಕಾರ್ಯಕ್ರಮ ಇಡುತ್ತಾರೆ. ಹೈದರಾಬಾದ್, ದೆಹಲಿಯಲ್ಲಿರುವ ನಿಮ್ಮಲ್ಲಿ ಹಲವರಿಗೂ ಇಂಥ ಕರೆ ಬಂದಿರುತ್ತದೆ. ಮೊದಲು ಭಾಷಣ, ಆಮೇಲೆ ಹಾರ, ಕೊನೆಗೆ ಸಿನಿಮಾ. ಈಗ ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ, ಲ್ಯಾಪ್‌ಟಾಪ್ ಎಲ್ಲರ ಹತ್ತಿರವೂ ಇದೆ. ಹಾಗಾಗಿ ಭಾಷಣ ಕಡಿಮೆಯಾಗಿ ಸಿನಿಮಾ ಜಾಸ್ತಿಯಾಗಿದೆ. ಇದು ಒಳ್ಳೆಯದೇ. ಇವತ್ತಿನ ಮಕ್ಕಳು ಭಾಷಣಕ್ಕೆ ಕೂರೋದಿಲ್ಲ, ಸಿನಿಮಾಕ್ಕೆ ಕೂರ್ತಾರೆ.

ಹೋದ ವರ್ಷ ನಮ್ಮ ಬಡಾವಣೆಯ ಹಾಲ್‌ನಲ್ಲೂ ಮೂರು ಸಂಜೆ ಈ ಕಾರ್ಯಕ್ರಮ ನಡೆಯಿತು. ಮೊದಲ ದಿನ ‘ಈದ್ಗಾಹ್’ ಕಥೆಯ ಮೇಲೆ ಮಾಡಿದ ಒಂದು ಕಿರುಚಿತ್ರ, ಎರಡನೇ ದಿನ ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’, ಮೂರನೇ ದಿನ ಅವರದೇ ‘ಸದ್ಗತಿ’. ನಾನು ಕಲಿಸುವ ಶಾಲೆಯಿಂದ ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಳೆಯಿದ್ದರೂ ಮೂರೂ ದಿನ ಹಾಲ್ ತುಂಬಿತ್ತು, ಮೂರೂ ದಿನ ಚಪ್ಪಾಳೆ ಬಿತ್ತು. ಸಂಘದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ಪ್ರೇಮಚಂದರು ಬರೆದಿದ್ದಕ್ಕೋ, ಅಥವಾ ಅವರ ಬರಹದಲ್ಲಿ ನಮಗೆ ಚುಚ್ಚುವ ಭಾಗ ತೆಗೆದು ಉಳಿದಿದ್ದಕ್ಕೋ?

ಒಂದೊಂದಾಗಿ ಹೇಳ್ತೀನಿ.

‘ಈದ್ಗಾಹ್’ ಕಥೆ ನಿಮಗೆಲ್ಲ ಗೊತ್ತು. ತಂದೆ ತಾಯಿ ಇಲ್ಲದ ಪುಟ್ಟ ಹುಡುಗ ಹಾಮಿದ್, ಅವನ ದಾದಿ ಅಮೀನಾ. ಈದಿನ ದಿನ ಹಾಮಿದ್ ಹಳ್ಳಿಯ ಹುಡುಗರ ಜೊತೆ ಪೇಟೆಯ ಈದ್ಗಾಹ್‌ಗೆ ಹೋಗುತ್ತಾನೆ. ಜಾತ್ರೆಯಲ್ಲಿ ಆಟಿಕೆಯನ್ನೂ ಕೊಳ್ಳದೆ, ಮಿಠಾಯಿಯನ್ನೂ ತಿನ್ನದೆ, ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುವ ದಾದಿಗಾಗಿ ಇಕ್ಕಳ ತರುತ್ತಾನೆ. ಕಿರುಚಿತ್ರದ ಕೊನೆಯಲ್ಲಿ ದಾದಿ ಅಳುವಾಗ ಹಾಲ್‌ನಲ್ಲಿ ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳದ ಹೆಂಗಸರೇ ಇರಲಿಲ್ಲ. ನಾನೂ ಒರೆಸಿಕೊಂಡೆ.

ಆದರೆ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಹಾಮಿದ್ ಹತ್ತಿರ ಇರುವುದು ಮೂರೇ ಪೈಸೆ. ಮಹಮೂದನ ಹತ್ತಿರ ಹನ್ನೆರಡು, ಮೊಹಸಿನ್ ಹತ್ತಿರ ಹದಿನೈದು. ಈದ್ಗಾಹ್‌ನಲ್ಲಿ ಸಾಲು ಸಾಲಾಗಿ ಜನ ನಿಂತು ಒಟ್ಟಿಗೆ ಬಾಗುವುದನ್ನು ಪ್ರೇಮಚಂದರು ತುಂಬಾ ಪ್ರೀತಿಯಿಂದ ವರ್ಣಿಸುತ್ತಾರೆ. ಅಲ್ಲಿ ಹಣ, ಹುದ್ದೆ ಯಾವುದೂ ಲೆಕ್ಕಕ್ಕಿಲ್ಲ. ನಮಾಜ್ ಮುಗಿದ ತಕ್ಷಣ ಅದೇ ಮಕ್ಕಳು ಜಾತ್ರೆಗೆ ಓಡುತ್ತಾರೆ. ಅಲ್ಲಿ ಮತ್ತೆ ಮೂರು ಪೈಸೆ ಮೂರೇ, ಹದಿನೈದು ಹದಿನೈದೇ. ಜೊತೆಗೆ ಸಾಲಿನಲ್ಲಿ ನಿಂತಿದ್ದ ಗೆಳೆಯನೇ ಹಾಮಿದನ ಮುಂದೆ ರೇವಡಿ ಹಿಡಿದು, ಅವನು ಕೈ ಚಾಚಿದಾಗ ತಾನೇ ಬಾಯಿಗೆ ಹಾಕಿಕೊಂಡು ನಗುತ್ತಾನೆ. ಸಾಲಿನಲ್ಲಿ ಇದ್ದ ಸಮಾನತೆ ಸಾಲು ಒಡೆದ ಐದು ನಿಮಿಷಕ್ಕೆ ಎಲ್ಲಿ ಹೋಯಿತು ಅನ್ನೋದನ್ನ ಪ್ರೇಮಚಂದರು ಬೈಯದೆ, ಉಪದೇಶ ಮಾಡದೆ, ಮಕ್ಕಳ ಆಟದ ಒಳಗೇ ಇಟ್ಟು ತೋರಿಸಿದ್ದಾರೆ.

ನಾವು ನೋಡಿದ ಕಿರುಚಿತ್ರದಲ್ಲಿ ಈ ಭಾಗ ಇರಲಿಲ್ಲ. ನಮಾಜ್ ಇತ್ತು, ಜಾತ್ರೆ ಇತ್ತು, ಇಕ್ಕಳ ಇತ್ತು, ಕಣ್ಣೀರು ಇತ್ತು. ಸಿನಿಮಾ ಮಾಡಿದವರನ್ನು ಮಾತ್ರ ದೂರುವುದು ನ್ಯಾಯವಲ್ಲ. ನಾನೇ ಬಿ.ಎಡ್. ಓದುವಾಗ ಈ ಕಥೆಗೆ ಪಾಠಯೋಜನೆ ಬರೆದಿದ್ದೆ. ‘ಬೆಳೆಸಬೇಕಾದ ಮೌಲ್ಯ’ ಎಂಬ ಜಾಗದಲ್ಲಿ ‘ಹಿರಿಯರ ಮೇಲಿನ ಪ್ರೀತಿ’ ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ರೇವಡಿಯ ಪ್ರಸಂಗ ನನ್ನ ಯೋಜನೆಯಲ್ಲೂ ಇರಲಿಲ್ಲ.

ಇನ್ನು ಎರಡನೇ ಸಂಜೆ. ‘ಶತರಂಜ್ ಕೆ ಖಿಲಾಡಿ’ 1977ರ ಚಿತ್ರ. ಸಂಜೀವ್ ಕುಮಾರ್ ಮತ್ತು ಸಯೀದ್ ಜಾಫ್ರಿ ಚದುರಂಗದ ಹುಚ್ಚಿನ ಇಬ್ಬರು ಜಾಗೀರುದಾರರು. ಅಮ್ಜದ್ ಖಾನ್ ಅವಧ್‌ನ ಕೊನೆಯ ದೊರೆ ವಾಜಿದ್ ಅಲಿ ಶಾಹ್, ರಿಚರ್ಡ್ ಅಟೆನ್‌ಬರೋ ಕಂಪನಿಯ ಜನರಲ್ ಔಟ್‌ರಾಮ್. ಕಾಲ 1856. ಶಮಾ ಜೈದಿ ಮತ್ತು ಜಾವೇದ್ ಸಿದ್ದೀಕಿ ಬರೆದ ಉರ್ದು ಸಂಭಾಷಣೆ ಕೇಳ್ತಾ ಇದ್ದರೆ ಹೊಟ್ಟೆ ತುಂಬುತ್ತದೆ. ನಮ್ಮ ಹಾಲ್‌ನಲ್ಲಿ ಒಂದೊಂದು ಮಾತಿಗೂ ‘ವಾಹ್ ವಾಹ್’ ಬರ್ತಾ ಇತ್ತು. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, ‘ಎಂಥಾ ತೆಹಜೀಬ್ ಇತ್ತು ನಮ್ಮದು, ಎಂಥಾ ಜಬಾನ್! ಫಿರಂಗಿಯರು ಮೋಸದಿಂದ ಕಸಿದುಕೊಂಡರು’ ಎಂದರು. ಚಪ್ಪಾಳೆ ಬಿತ್ತು.

ಕಂಪನಿ ಮೋಸ ಮಾಡಿದ್ದು ನಿಜ. ರಾಯ್ ಅದನ್ನು ಸ್ಪಷ್ಟವಾಗಿಯೇ ತೋರಿಸಿದ್ದಾರೆ. ವಾಜಿದ್ ಅಲಿ ಶಾಹ್‌ರನ್ನು ಬರೀ ವಿಲಾಸಿ ಎಂದು ತಳ್ಳಿಹಾಕದೆ, ಹಾಡು ಕಟ್ಟುವ, ಕಥಕ್ ಬಲ್ಲ, ತನ್ನ ತಪ್ಪು ತಿಳಿದ ಮನುಷ್ಯನನ್ನಾಗಿ ತೋರಿಸಿದ್ದಕ್ಕೆ ನಾವು ರಾಯ್ ಅವರಿಗೆ ಋಣಿಯಾಗಿರಬೇಕು. ಪ್ರೇಮಚಂದರ ಕಥೆಯಲ್ಲಿ ದೊರೆಗೆ ಇಷ್ಟು ಜಾಗವೇ ಇಲ್ಲ. ಇದು ರಾಯ್ ಸೇರಿಸಿದ್ದು.

ಆದರೆ ಕಥೆಯ ಸಿಟ್ಟು ಬೇರೆ ಕಡೆ ಇದೆ. ರಾಜ್ಯ ಹೋಗುತ್ತಿರುವಾಗ ಆ ಇಬ್ಬರು ಏನು ಮಾಡ್ತಾ ಇದ್ದರು? ಮನೆಯಲ್ಲಿ ಹೆಂಡತಿಗೆ ತಲೆನೋವು, ಕರೆದರೆ ಬರೋದಿಲ್ಲ. ಊರಿನ ರೈತ ದಿವಾಳಿಯಾಗಿದ್ದಾನೆ, ಅದರ ಅರಿವಿಲ್ಲ. ಕಂಪನಿಯ ಸೈನ್ಯ ಕಣ್ಣೆದುರೇ ಹೋದರೂ ಆಟದಿಂದ ತಲೆ ಎತ್ತೋದಿಲ್ಲ. ಕೊನೆಗೆ ಚದುರಂಗದ ಜಗಳದಲ್ಲೇ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಅವರು ಹೇಡಿಗಳಲ್ಲ ಎಂದು ಪ್ರೇಮಚಂದರು ಒತ್ತಿ ಹೇಳುತ್ತಾರೆ. ಪ್ರಾಣ ಕೊಡೋ ಧೈರ್ಯ ಇತ್ತು, ಅದನ್ನು ಮರದ ವಜೀರನಿಗಾಗಿ ಕೊಟ್ಟರು, ನಿಜವಾದ ದೊರೆಗಾಗಿ ಅಲ್ಲ.

ರಾಯ್ ಈ ಅಂತ್ಯ ಬದಲಾಯಿಸಿದರು. ಸಿನಿಮಾದಲ್ಲಿ ಯಾರೂ ಸಾಯೋದಿಲ್ಲ. ಒಂದು ಗುಂಡು ಹಾರುತ್ತದೆ, ಗುರಿ ತಪ್ಪುತ್ತದೆ, ಇಬ್ಬರೂ ಮತ್ತೆ ಕೂತು ಆಟ ಶುರು ಮಾಡುತ್ತಾರೆ, ಈ ಸಲ ಇಂಗ್ಲಿಷ್ ಪದ್ಧತಿಯಂತೆ. ಯಾವ ಅಂತ್ಯ ಹೆಚ್ಚು ಕಠಿಣ? ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪದಿದ್ದರೂ ಸರಿ. ಪ್ರೇಮಚಂದರು ಅವರಿಗೆ ಸಾವು ಕೊಟ್ಟು ಕಥೆ ಮುಗಿಸಿದರು. ಸತ್ತವರ ಮೇಲೆ ನಾವು ಒಂದಿಷ್ಟು ಕನಿಕರವನ್ನಾದರೂ ಪಡಬಹುದು. ರಾಯ್ ಅದನ್ನೂ ಕೊಡಲಿಲ್ಲ. ಅವರು ಬದುಕಿ ಉಳಿದರು, ಹೊಸ ದೊರೆಯ ನಿಯಮ ಕಲಿತು ಅದೇ ಆಟ ಮುಂದುವರಿಸಿದರು. ಅಂದ್ರೆ ಅವರ ಮೊಮ್ಮಕ್ಕಳು ಇವತ್ತಿಗೂ ಇದ್ದಾರೆ ಅಂತ ಅರ್ಥ. ಆ ಮೊಮ್ಮಕ್ಕಳು ಯಾರು ಎಂದು ನಮ್ಮ ಹಾಲ್‌ನಲ್ಲಿ ಯಾರೂ ಕೇಳಲಿಲ್ಲ. ಮಕ್ಕಳ ಓದು ಅರ್ಧಕ್ಕೆ ನಿಂತಿರುವಾಗ, ಮನೆಯ ಹೆಂಗಸರ ಕಾಯಿಲೆಗೆ ದವಾಖಾನೆ ನೋಡದಿರುವಾಗ, ರಾತ್ರಿ ಎರಡರ ತನಕ ಮೊಬೈಲ್‌ನಲ್ಲಿ ಹಳೆ ವೈಭವದ ವಿಡಿಯೋ ಹಂಚುವ ನಾವು ‘ವಾಹ್’ ಎಂದು ಎದ್ದು ಹೋದೆವು.

ಮೂರನೇ ಸಂಜೆಯ ಮಾತು ಹೇಳುವ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ನಾನ್ಯಾಕೆ ಇಷ್ಟು ಕಟುವಾಗಿ ಬರೀತಿದ್ದೀನಿ ಅನ್ನೋದು ನಿಮಗೆ ತಿಳಿಯೋದಿಲ್ಲ. ನಮ್ಮ ಮನೆತನ ವಿಜಯಪುರ ಜಿಲ್ಲೆಯ ನದಾಫರದು. ಊರಿನಲ್ಲಿ ಪಿಂಜಾರರು ಎನ್ನುತ್ತಾರೆ. ನಮ್ಮ ಅಜ್ಜ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಗಾದಿ ಹೊಲಿದವರು. ಮನೆಮಾತು ಕನ್ನಡ. ಉರ್ದು ನಾನು ಶಾಲೆಯಲ್ಲಿ ಕಲಿತಿದ್ದು, ಅದನ್ನೇ ಕಲಿಸಿ ಅನ್ನ ತಿನ್ನುತ್ತಿದ್ದೇನೆ. ಮುಂಬಯಿಗೆ ಬಂದ ಹೊಸದರಲ್ಲಿ ನನಗೊಂದು ಸಂಬಂಧ ಬಂದಿತ್ತು. ಹುಡುಗನ ಮನೆಯವರಿಗೆ ನನ್ನ ಓದು ಹಿಡಿಸಿತು, ಉರ್ದು ಹಿಡಿಸಿತು. ಅಜ್ಜನ ಕಸುಬು ಕೇಳಿದ ಮೇಲೆ ‘ನಮ್ಮ ಖಾನ್‌ದಾನ್ ಬೇರೆ’ ಎಂದು ಸುದ್ದಿ ಕಳಿಸಿದರು. ಅದೇ ಮನೆಯವರು ಶುಕ್ರವಾರ ನಮ್ಮಣ್ಣನ ಪಕ್ಕದಲ್ಲೇ ಭುಜಕ್ಕೆ ಭುಜ ಹಚ್ಚಿ ನಿಲ್ಲುತ್ತಾರೆ. ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ. ಆದರೆ ಹಾಮಿದನ ಮುಂದೆ ಹಿಡಿದ ರೇವಡಿ ಎಂದರೆ ಏನು ಎಂದು ನನಗೆ ಗೊತ್ತು.

‘ಸದ್ಗತಿ’ 1981ರಲ್ಲಿ ರಾಯ್ ದೂರದರ್ಶನಕ್ಕಾಗಿ ಮಾಡಿದ್ದು. ಒಂದು ಗಂಟೆಯೂ ಇಲ್ಲದ ಚಿತ್ರ. ಓಂ ಪುರಿ ದುಖಿ, ಸ್ಮಿತಾ ಪಾಟೀಲ್ ಅವನ ಹೆಂಡತಿ ಝುರಿಯಾ, ಮೋಹನ್ ಆಗಾಶೆ ಪಂಡಿತ ಘಾಸೀರಾಮ. ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಬಂದ ಚಮ್ಮಾರ ದುಖಿಗೆ ಪಂಡಿತ ಒಂದರ ಮೇಲೊಂದು ಬಿಟ್ಟಿ ಕೆಲಸ ಹೇಳುತ್ತಾನೆ. ಕೊನೆಗೆ ಒಂದು ಗಟ್ಟಿ ಗಂಟಿನ ಮರದ ದಿಮ್ಮಿ ಸೀಳು ಎನ್ನುತ್ತಾನೆ. ಹಸಿದ ಹೊಟ್ಟೆಯಲ್ಲಿ ಕೊಡಲಿ ಬೀಸಿ ಬೀಸಿ ದುಖಿ ಅಲ್ಲೇ ಬಿದ್ದು ಸಾಯುತ್ತಾನೆ. ಹೆಣ ಎತ್ತಲು ಅವನ ಜಾತಿಯವರು ಬರುವುದಿಲ್ಲ. ಮುಟ್ಟಲು ಪಂಡಿತನಿಗೆ ಆಗುವುದಿಲ್ಲ. ಕೊನೆಗೆ ಕಾಲಿಗೆ ಹಗ್ಗದ ಕುಣಿಕೆ ಹಾಕಿ ತಾನೇ ಎಳೆದುಕೊಂಡು ಹೋಗುತ್ತಾನೆ, ಬಂದು ಆ ಜಾಗ ಶುದ್ಧ ಮಾಡುತ್ತಾನೆ. ಇಲ್ಲಿ ರಾಯ್ ಕಥೆಯನ್ನು ಹೆಚ್ಚು ಬದಲಾಯಿಸಲಿಲ್ಲ, ಬದಲಾಯಿಸುವ ಅಗತ್ಯವೂ ಇರಲಿಲ್ಲ.

ಚಿತ್ರ ಮುಗಿದಾಗ ಹಾಲ್ ಮೌನವಾಗಿತ್ತು. ಆ ಮೌನದಲ್ಲಿ ಬಿಟ್ಟಿದ್ದರೆ ಚೆನ್ನಾಗಿತ್ತು. ವೇದಿಕೆಯಿಂದ ಒಬ್ಬರು ಮೈಕ್ ಹಿಡಿದು, ‘ಅಲ್‌ಹಮ್ದುಲಿಲ್ಲಾಹ್, ನಮ್ಮಲ್ಲಿ ಈ ಪದ್ಧತಿ ಇಲ್ಲ’ ಎಂದರು. ಆಗಲೂ ಚಪ್ಪಾಳೆ.

ವಾಪಸ್ಸು ಬರುವಾಗ ಬಸ್‌ಸ್ಟಾಪಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: ‘ಟೀಚರ್, ನಮ್ಮ ಅಬ್ಬಾನ ಹೆಸರು ಯಾರೂ ಕರೆಯೋದಿಲ್ಲ, ಕಸುಬಿನ ಹೆಸರು ಹಿಡಿದೇ ಕೂಗ್ತಾರೆ. ನಮ್ಮಲ್ಲಿ ಇಲ್ಲ ಅಂದ್ರಲ್ಲ, ಹಾಗಾದ್ರೆ ಅದೇನು?’

ನನ್ನ ಹತ್ತಿರ ಉತ್ತರ ಇತ್ತು, ಆದರೆ ಆ ಜಾಗದಲ್ಲಿ ಹೇಳೋ ಧೈರ್ಯ ಬರಲಿಲ್ಲ. ಈ ಲೇಖನ ಆ ಮಗುವಿಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದೇ ತಿಳಿಯಿರಿ. ದೀನ್ ಕಲಿಸೋದು ಸಮಾನತೆಯನ್ನೇ. ನಾವು ನಡೆಯೋದು ಎಷ್ಟೋ ಸಲ ಬೇರೆ. ದುಖಿಗೆ ಆದ ಕ್ರೌರ್ಯವೂ ನನ್ನ ಸಂಬಂಧ ಮುರಿದಿದ್ದೂ ಒಂದೇ ತೂಕದವು ಅಂತ ನಾನು ಹೇಳೋದಿಲ್ಲ, ಹಾಗೆ ಹೇಳಿದರೆ ದುಖಿಗೆ ಅನ್ಯಾಯ. ಆದರೆ ಬೇರೆಯವರ ಪಾಪ ಪರದೆಯ ಮೇಲೆ ನೋಡಿ ನಮ್ಮ ಕೈ ಶುದ್ಧ ಎಂದುಕೊಳ್ಳುವುದಕ್ಕೆ ‘ಸದ್ಗತಿ’ಯನ್ನು ಬಳಸಿಕೊಂಡರೆ, ಹೆಣ ಎಳೆದು ಬಂದು ಅಂಗಳಕ್ಕೆ ಗಂಗಾಜಲ ಚಿಮುಕಿಸಿದ ಪಂಡಿತನಿಗೂ ನಮಗೂ ಏನು ವ್ಯತ್ಯಾಸ?

ಇದು ಪ್ರೇಮಚಂದರಿಗೆ ಹೊಸದೇನಲ್ಲ. 1908ರಲ್ಲಿ ‘ನವಾಬ್ ರಾಯ್’ ಎಂಬ ಹೆಸರಿನಲ್ಲಿ ಅವರು ಪ್ರಕಟಿಸಿದ ಉರ್ದು ಕಥಾಸಂಕಲನ ‘ಸೋಜ್-ಏ-ವತನ್’ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ‘ಪ್ರೇಮಚಂದ್’ ಎಂಬ ಹೆಸರು ಬಂದಿದ್ದೇ ಅದಾದ ಮೇಲೆ. 1934ರಲ್ಲಿ ಅವರು ನಾವಿರುವ ಇದೇ ಮುಂಬಯಿಗೆ, ಅಜಂತಾ ಸಿನೆಟೋನ್ ಕಂಪನಿಗೆ ಕಥೆ ಬರೆಯಲು ಬಂದರು. ಮೋಹನ್ ಭವನಾನಿ ನಿರ್ದೇಶಿಸಿದ ‘ಮಜ್ದೂರ್’ ಚಿತ್ರಕ್ಕೆ ಮಿಲ್ ಕಾರ್ಮಿಕರ ಕಥೆ ಬರೆದರು, ಒಂದು ಚಿಕ್ಕ ಪಾತ್ರವನ್ನೂ ಮಾಡಿದರು. ಗಿರಣಿಗಳ ಈ ಊರಿನಲ್ಲೇ ಆ ಸಿನಿಮಾಕ್ಕೆ ತಡೆ ಬಿತ್ತು. ಚಿತ್ರರಂಗದ ರೀತಿ ನೋಡಿ ಬೇಸತ್ತು ಮುಂದಿನ ವರ್ಷವೇ ಅವರು ಬನಾರಸ್‌ಗೆ ವಾಪಸ್ಸಾದರು. 1936ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಗ ಅವರ ಬರಹದಿಂದ ಕಸಿವಿಸಿಯಾಗಿದ್ದು ಸರ್ಕಾರಕ್ಕೆ. ಈಗ ಯಾರಿಗೂ ಕಸಿವಿಸಿಯಾಗದ ಹಾಗೆ ಅವರನ್ನು ತೋರಿಸುವ ಕೆಲಸ ನಾವೇ ಮಾಡ್ತಾ ಇದ್ದೀವಿ.

ಭಾಷೆಯ ವಿಷಯದಲ್ಲೂ ಹೀಗೇ ಆಗುತ್ತಿದೆ. ಹಿಂದಿ ಸಭೆಗಳಲ್ಲಿ ಅವರು ‘ಹಿಂದಿಯ ಕಾದಂಬರಿ ಸಾಮ್ರಾಟ’. ನಮ್ಮ ಹಾಲ್‌ನ ಬ್ಯಾನರಿನಲ್ಲಿ ಬರೀ ಉರ್ದುವಿನ ಅದೀಬ್. ಮೊದಲು ಉರ್ದುವಿನಲ್ಲಿ ಬರೆದು, ಆಮೇಲೆ ಹಿಂದಿಯಲ್ಲಿ ಬರೆದು, ಎರಡರಲ್ಲೂ ಕೊನೆ ತನಕ ಬದುಕಿದ ಮನುಷ್ಯನನ್ನು ಎರಡು ಕಡೆಯವರೂ ಅರ್ಧ ಅರ್ಧ ಮಾಡಿ ಇಟ್ಟುಕೊಂಡಿದ್ದೇವೆ. ಉರ್ದುವಿನಲ್ಲಿ ಬರೆದ ‘ಬಾಜಾರ್-ಏ-ಹುಸ್ನ್’ ಮೊದಲು ಅಚ್ಚಾಗಿದ್ದು ಹಿಂದಿಯಲ್ಲಿ, ‘ಸೇವಾಸದನ’ ಎಂಬ ಹೆಸರಿನಲ್ಲಿ. ಅದು 1938ರಲ್ಲಿ ಮದ್ರಾಸಿನಲ್ಲಿ ಕೆ. ಸುಬ್ರಹ್ಮಣ್ಯಂ ಅವರ ಕೈಯಲ್ಲಿ ತಮಿಳು ಸಿನಿಮಾ ಆಯಿತು, ಎಂ.ಎಸ್. ಸುಬ್ಬುಲಕ್ಷ್ಮಿ ಮೊದಲ ಸಲ ಪರದೆಗೆ ಬಂದಿದ್ದು ಅದರಲ್ಲೇ. ಚೆನ್ನೈನ ಗೆಳೆಯರು ಇದನ್ನು ನೆನಪಿಡಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬೀದಿಯಲ್ಲಿ ಮರಾಠಿ ಮಾತಾಡುವ ನಮ್ಮಂಥವರಿಗೆ ಇಂಥ ಲೇಖಕ ಹೊರಗಿನವನಲ್ಲ.

ಹಾಗಾದ್ರೆ ಈ ಪ್ರದರ್ಶನಗಳು ಬೇಡವೇ? ಬೇಕು, ಇನ್ನೂ ಹೆಚ್ಚು ಬೇಕು. ಆದರೆ ರೀತಿ ಬದಲಾಗಬೇಕು. ಈ ವರ್ಷ ಕಾರ್ಯಕ್ರಮ ಇಡುವವರಿಗೆ ನನ್ನದೊಂದು ಸಲಹೆ. ಮೃಣಾಲ್ ಸೇನ್ 1977ರಲ್ಲಿ ತೆಲುಗಿನಲ್ಲಿ ‘ಒಕ ಊರಿ ಕಥಾ’ ಮಾಡಿದರು. ಅದು ಪ್ರೇಮಚಂದರ ‘ಕಫನ್’ ಕಥೆ. ಸೊಸೆ ಹೆರಿಗೆ ನೋವಿನಲ್ಲಿ ಸಾಯುತ್ತಿರುವಾಗ ಏಳದ ಅಪ್ಪ ಮಗ, ಅವಳ ಕಫನ್ನಿಗೆ ಬೇಡಿ ತಂದ ದುಡ್ಡನ್ನು ಕುಡಿದು ಮುಗಿಸುವ ಕಥೆ. ಅಪ್ಪನಾಗಿ ನಟಿಸಿದವರು ನಮ್ಮ ಎಂ.ವಿ. ವಾಸುದೇವರಾವ್. ಹೌದು, ಶಿವರಾಮ ಕಾರಂತರ ಕಾದಂಬರಿ ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯ ಚೋಮ ಅವರೇ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಈ ಎರಡನ್ನೂ ಒಂದರ ಹಿಂದೆ ಒಂದು ತೋರಿಸಿ. ಚೋಮ ತನ್ನ ಹೊಲ ತಾನೇ ಉಳಬೇಕು ಎಂದು ಜೀವಮಾನವೆಲ್ಲ ಆಸೆ ಪಟ್ಟು, ದುಡಿದೂ ದುಡಿದೂ ಏನೂ ಸಿಗದೆ ಸಾಯುತ್ತಾನೆ. ‘ಒಕ ಊರಿ ಕಥಾ’ದ ವೆಂಕಯ್ಯನದು ಇದಕ್ಕೆ ತಿರುಗುಮುರುಗು. ದುಡಿದರೂ ಹಸಿವೇ, ದುಡಿಯದಿದ್ದರೂ ಹಸಿವೇ, ಮತ್ತೆ ದಣಿಗಾಗಿ ಯಾಕೆ ಬೆವರು ಸುರಿಸಲಿ ಎಂದು ಕೆಲಸವನ್ನೇ ಬಿಟ್ಟವನು. ಮುಖ ಒಂದೇ, ಒಂದೇ ಅನ್ಯಾಯಕ್ಕೆ ಎರಡು ಉತ್ತರ. ವೆಂಕಯ್ಯನ ಉತ್ತರದ ಬೆಲೆ ತೆತ್ತವಳು ಮಾತ್ರ ಸೊಸೆ. ಪ್ರೇಮಚಂದರ ಕಥೆಯಲ್ಲಿ ಅವಳು ಗುಡಿಸಲ ಒಳಗಿನಿಂದ ಕೇಳುವ ನರಳಾಟ ಮಾತ್ರ. ಸೇನ್ ಅವಳನ್ನು ಹೊರಗೆ ತಂದು, ಮುಖ ಕೊಟ್ಟು, ಈ ಗಂಡಸರ ಜೊತೆ ಜಗಳಕ್ಕೆ ನಿಲ್ಲಿಸಿದ್ದಾರೆ. ಸಿನಿಮಾ ಕಥೆಗಿಂತ ಮುಂದೆ ಹೋಗುವುದು ಅಂದ್ರೆ ಇದು. ತೆಲುಗು ಬಾರದವರಿಗೆ ಹೈದರಾಬಾದಿನ ನಮ್ಮವರು ಮಾತು ಬಿಡಿಸಿ ಹೇಳಲಿ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಹಸೀನಾ’ವನ್ನೂ ಜೊತೆಗಿಡಿ. ನಮ್ಮ ಮನೆಯೊಳಗಿನ ಮಾತನ್ನು ನಮ್ಮವರೇ ಕನ್ನಡದಲ್ಲಿ ಹೇಗೆ ಧೈರ್ಯದಿಂದ ಬರೆದಿದ್ದಾರೆ ಅನ್ನೋದು ಮಕ್ಕಳಿಗೆ ತಿಳಿಯಲಿ.

ಇನ್ನೊಂದು ಮಾತು. ಸಿನಿಮಾ ಹಾಕುವ ಮೊದಲು ಕಥೆಯನ್ನು ಜೋರಾಗಿ ಓದಿಸಿ. ಈ ಕಥೆಗಳು ಚಿಕ್ಕವು, ಭಾಷಣಕ್ಕಿಂತ ಬೇಗ ಮುಗೀತವೆ. ಉರ್ದು ಬರುವವರು ಉರ್ದುವಿನಲ್ಲಿ, ಬಾರದವರು ಕನ್ನಡ ಅನುವಾದದಲ್ಲಿ ಓದಲಿ. ಮುಗಿದ ಮೇಲೆ ಮೈಕನ್ನು ವೇದಿಕೆಯ ಮೇಲಿನವರಿಗೆ ಕೊಡಬೇಡಿ, ಹಿಂದಿನ ಬೆಂಚಿನ ಮಕ್ಕಳಿಗೆ ಕೊಡಿ. ಕಥೆಯಲ್ಲಿದ್ದ ಯಾವುದು ಸಿನಿಮಾದಲ್ಲಿ ಬಿಟ್ಟುಹೋಯಿತು, ಯಾಕೆ ಬಿಟ್ಟರು, ಅಷ್ಟೇ ಕೇಳಿ.

ವಿದ್ಯಾರ್ಥಿಗಳೇ, ನೀವು ಯಾರಿಗೂ ಕಾಯಬೇಡಿ. ಇವತ್ತೇ ‘ಈದ್ಗಾಹ್’ ತೆಗೆದು, ಪೈಸೆ ಎಣಿಸುವ ಜಾಗದಿಂದ ರೇವಡಿಯ ಜಾಗದ ತನಕ ಓದಿ. ಆಮೇಲೆ ನಿಮ್ಮ ತರಗತಿಯಲ್ಲಿ ಯಾರ ಹತ್ತಿರ ಮೂರು ಪೈಸೆ ಇದೆ, ಯಾರ ಕೈಯಲ್ಲಿ ರೇವಡಿ ಇದೆ ಎಂದು ಒಮ್ಮೆ ಸುತ್ತ ನೋಡಿ. ನಾನು ನನ್ನ ಪಾಠಯೋಜನೆ ತಿದ್ದಿ ಬರೆದಿದ್ದೇನೆ. ಈ ಜುಲೈನಲ್ಲಿ ಹಾಲ್‌ನಲ್ಲಿ ಆ ಭಾಗ ಓದುವುದಕ್ಕೆ ಬಸ್‌ಸ್ಟಾಪಿನಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿಯ ಹೆಸರನ್ನೇ ಕೊಟ್ಟಿದ್ದೇನೆ.